ರಾಜ್ಯದ ಹೆಸರು ಬದಲಾಯ್ತು, ಮಾಗಣೆ ಉಳೀತು

ಕರಾವಳಿಯ ವಿಜಯನಗರ ಕಾಲದ ಶಾಸನಗಳನ್ನು ಹೊಸದಾಗಿ ಓದುವವರು ಮೊದಲು ಎಡವುವುದು 'ರಾಜ್ಯ' ಅನ್ನೋ ಪದದಲ್ಲಿ. 'ಮಂಗಳೂರು ರಾಜ್ಯ', 'ಬಾರಕೂರು ರಾಜ್ಯ' ಅಂತ ಕಂಡ ಕೂಡಲೇ ಇವು ಎರಡು ಸ್ವತಂತ್ರ ಅರಸೊತ್ತಿಗೆಗಳು ಅಂದುಕೊಳ್ಳುತ್ತಾರೆ. ಹಾಗಲ್ಲ. ಇಲ್ಲಿ ರಾಜ್ಯ ಅಂದರೆ ಪ್ರಾಂತ್ಯ. ಚಕ್ರವರ್ತಿ ಘಟ್ಟದ ಆಚೆ ವಿಜಯನಗರದಲ್ಲಿ. ಅವನ ಪರವಾಗಿ ಆಳೋದಕ್ಕೆ ಬಂದ ಅಧಿಕಾರಿ ಬಂದರು ಪಟ್ಟಣದಲ್ಲಿ. ಎರಡೂ ಪ್ರಾಂತ್ಯಗಳಿಗೆ ಬಂದರಿನ ಹೆಸರೇ ಬಂದದ್ದು ಸುಮ್ಮನೆ ಅಲ್ಲ. ಸುಂಕ ಹುಟ್ಟುತ್ತಿದ್ದದ್ದು ಅಲ್ಲಿ.

ಆದರೆ ಬಂದರಿನ ಹಿತ್ತಲಲ್ಲಿದ್ದ ಹಳ್ಳಿಗಾಡನ್ನು ನಿಜವಾಗಿ ನಡೆಸುತ್ತಿದ್ದವರು ಯಾರು? ನನಗೆ ಕುತೂಹಲ ಇರೋದು ಈ ಪ್ರಶ್ನೆಯಲ್ಲಿ. ನಾನು ವೃತ್ತಿಯಿಂದ ಇಂಜಿನಿಯರ್. ಡ್ರಾಯಿಂಗ್‌ನಲ್ಲಿ ಒಂದರ ಮೇಲೊಂದು ಲೇಯರ್ ಇಟ್ಟು ನೋಡೋದು ಅಭ್ಯಾಸ. ಈ ಸೀಮೆಯ ಆಡಳಿತವನ್ನೂ ಹಾಗೇ ನೋಡಬಹುದು.

ಮೇಲಿನ ಪದರ ಪ್ರಾಂತ್ಯದ್ದು. ಅಧಿಕಾರಿಗಳು ಬರುತ್ತಿದ್ದರು, ಹೋಗುತ್ತಿದ್ದರು. ಅದರ ಕೆಳಗೆ ಮನೆತನದ ಅರಸರು: ಮೂಡಬಿದಿರೆ ಕಡೆ ಚೌಟರು, ವೇಣೂರಿನಲ್ಲಿ ಅಜಿಲರು, ಬಂಗವಾಡಿಯ ಬಂಗರು, ಕಾರ್ಕಳದ ಭೈರರಸರು, ಮೂಲ್ಕಿಯ ಸಾವಂತರು. ಇವರು ಕಪ್ಪ ಕೊಟ್ಟುಕೊಂಡು ತಮ್ಮ ಸೀಮೆಯಲ್ಲಿ ತಾವೇ ಆಳಿಕೊಂಡಿದ್ದರು. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ಎರಡನ್ನೂ ನಿಲ್ಲಿಸಿದ್ದು ಸ್ಥಳೀಯ ಅರಸರೇ ಹೊರತು ಪ್ರಾಂತ್ಯಾಧಿಕಾರಿಗಳಲ್ಲ.

ಇನ್ನೂ ಕೆಳಗಿನ ಪದರದಲ್ಲಿ ಜನ. ಬಾರಕೂರಿನ ಮೂಡುಕೇರಿ, ಮಣಿಗಾರಕೇರಿಯಂಥ ಕೇರಿಗಳಿಗೆ ತಮ್ಮದೇ ಕೂಟ ಇತ್ತು. ಶಾಸನಗಳಲ್ಲಿ ಬರುವ 'ಹಲರು' ಅಂದರೆ ಇವರೇ. ವ್ಯಾಪಾರಿಗಳ ಕೂಟಕ್ಕೆ 'ಹಂಜಮಾನ' ಅನ್ನುತ್ತಿದ್ದರು. ಕಲ್ಲಿನಲ್ಲಿ ಚಕ್ರವರ್ತಿಯ ಹೆಸರು ಮೊದಲು ಬರುತ್ತೆ, ನಿಜ. ಆದರೆ ದಾನ ಮುಂದುವರಿಯಬೇಕು ಅಂದರೆ ಅಕ್ಕಿ ಅಳೆದು ಕೊಡುವವರು ಊರಿನವರೇ ತಾನೇ? ಅದಕ್ಕೇ ಶಾಸನದ ಕೊನೆಯ ಭಾಗವನ್ನು ಬಿಟ್ಟು ಓದಬೇಡಿ ಅಂತ ನಾನು ಮತ್ತೆ ಮತ್ತೆ ಹೇಳೋದು.

ಮೇಲಿನ ಪದರ ಎಷ್ಟು ಸಲ ಬದಲಾಯ್ತು ನೋಡಿ. ವಿಜಯನಗರದ ನಂತರ ಕೆಳದಿ ನಾಯಕರು, 1763ರಲ್ಲಿ ಹೈದರಾಲಿ, 1799ರಲ್ಲಿ ಕಂಪನಿ. ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಇಡೀ ಕೆನರಾಕ್ಕೆ ಒಬ್ಬನೇ. ಅವನು ಕಂದಾಯ ಕಟ್ಟಲು ಹೊರಟಾಗ ನೆಲದ ಹಿಂದಿನ ಲೆಕ್ಕವನ್ನೇ ಕೆದಕಬೇಕಾಯ್ತು. ವಿಜಯನಗರದ ಹರಿಹರನ ಕಾಲದ ದರದಿಂದ ಹಿಡಿದು ಯಾರ್‍ಯಾರು ಎಷ್ಟು ಏರಿಸಿದರು ಅಂತ 1800ರ ತನ್ನ ವರದಿಯಲ್ಲಿ ಚರ್ಚಿಸಿದ್ದಾನೆ. ಆಮೇಲೆ ಕೆನರಾ ಉತ್ತರ, ದಕ್ಷಿಣ ಅಂತ ಒಡೆಯಿತು. 1862ರಲ್ಲಿ ಉತ್ತರ ಭಾಗ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಮದರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರಿಗೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು.

ಇಷ್ಟೆಲ್ಲ ಆದರೂ ಬಪ್ಪನಾಡಿನ ದುರ್ಗಾಪರಮೇಶ್ವರಿಯನ್ನು ಇವತ್ತಿಗೂ ನೆನೆಯೋದು ಮೂಲ್ಕಿ ಸೀಮೆಯ ಒಂಬತ್ತು ಮಾಗಣೆ, ಮೂವತ್ತೆರಡು ಗ್ರಾಮಗಳ ದೇವಿ ಅಂತಲೇ. ಮಾಗಣೆ ಅಂದರೆ ಕೆಲವು ಗ್ರಾಮಗಳ ಗುಂಪು. ಬ್ರಿಟಿಷರ ಕಂದಾಯ ದಾಖಲೆಗಳಲ್ಲೂ ಆ ಪದ ಇತ್ತು. ಸರ್ಕಾರ ಅದನ್ನು ಕೈಬಿಟ್ಟಿತು. ಜಾತ್ರೆ, ಕೋಲ, ಕಂಬಳ ಕೈಬಿಡಲಿಲ್ಲ. ಯಾವ ಊರಿಗೆ ಯಾವ ಮರ್ಯಾದೆ, ಯಾವ ಗುತ್ತಿನ ಮನೆಗೆ ಯಾವ ಹೊಣೆ ಅನ್ನೋದು ಹಳೇ ಗಡಿಯ ಮೇಲೆಯೇ ನಿಂತಿದೆ.

ಈ ನೆನಪು ಇರೋದು ಹಿರಿಯರಲ್ಲಿ, ಗುತ್ತಿನ ಮನೆಗಳ ಕಡತಗಳಲ್ಲಿ. ಹಳೇ ಮನೆ ಕೆಡವಿದಾಗ ಕಡತವೂ ಮಣ್ಣುಪಾಲಾಗುತ್ತೆ. ಆಮೇಲೆ ಶಾಸನದಲ್ಲಿ ಬರುವ ಹಳೇ ಊರಿನ ಹೆಸರು ಎಲ್ಲಿಯದು ಅಂತ ಗುರುತಿಸೋಕೆ ದಾರಿಯೇ ಇರೋದಿಲ್ಲ. ಹಾಗಾಗಿ ನಿಮಗೊಂದು ಕಲ್ಲು ಸಿಕ್ಕರೆ ತಾಲೂಕು, ಜಿಲ್ಲೆ, ಜಿಪಿಎಸ್ ಅಷ್ಟೇ ಬರೆದು ಬಿಡಬೇಡಿ. ಅದು ಯಾವ ಮಾಗಣೆ, ಯಾವ ದೈವಸ್ಥಾನದ ವ್ಯಾಪ್ತಿ ಅಂತ ಊರಿನ ಹಿರಿಯರನ್ನು ಕೇಳಿ ಬರೆದಿಡಿ. ತಾಲೂಕಿನ ಹೆಸರು ನಾಳೆ ಮತ್ತೆ ಬದಲಾಗಬಹುದು.