ಏಳನೆಯ ತರಗತಿಯ ಆಚೆಗೆ: ಗಡಿನಾಡಿನ ಮಕ್ಕಳ ಗುರಿಗಳ ನೂರು ವರ್ಷ

ಶಾಲೆಯೊಂದರ ಶತಮಾನದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಸ್ಥಾಪಕರ ತ್ಯಾಗವನ್ನೂ ಮುಳಿಹುಲ್ಲಿನ ಮಾಡು ಹೆಂಚಿನ ಮಾಡಾದ ಕತೆಯನ್ನೂ ಮುಖ್ಯೋಪಾಧ್ಯಾಯರ ಪರಂಪರೆಯನ್ನೂ ದಾಖಲಿಸುತ್ತಾರೆ. ಅವೆಲ್ಲ ಈ ಸಂಚಿಕೆಯ ಬೇರೆ ಲೇಖನಗಳಲ್ಲಿ ಬಂದಿರುವುದರಿಂದ ನಾವು ಇಲ್ಲಿ ಇನ್ನೊಂದು ಎಳೆಯನ್ನು ಹಿಡಿದು ಹೊರಟಿದ್ದೇವೆ. ಹನ್ನೊಂದರಿಂದ ಹದಿಮೂರರ ವಯಸ್ಸಿನ ಮಗು 'ಮುಂದೆ ನಾನೇನಾಗಬೇಕು' ಎಂದು ಮೊದಲ ಬಾರಿಗೆ ಯೋಚಿಸತೊಡಗುವ ಹೊತ್ತಿಗೆ ಕಾಸರಗೋಡು ಸೀಮೆಯ ಕನ್ನಡ ಶಾಲೆಗಳು ಅದರ ಮುಂದೆ ಯಾವ ಯಾವ ದಾರಿಗಳನ್ನು ತೆರೆದಿಟ್ಟವು? ಆ ದಾರಿಗಳನ್ನು ಗೊತ್ತುಮಾಡಿದವರು ಯಾರು?

ಈ ಪ್ರಶ್ನೆಗೆ ನೇರವಾದ ದಾಖಲೆ ಎಲ್ಲಿಯೂ ಇಲ್ಲ. ಶಾಲೆಯ ದಾಖಲಾತಿ ಪುಸ್ತಕವನ್ನು ತೆರೆದರೆ ಮಗುವಿನ ಹೆಸರು, ಹುಟ್ಟಿದ ದಿನ, ಜಾತಿ, ರಕ್ಷಕರ ಹೆಸರು, ರಕ್ಷಕರ ಉದ್ಯೋಗ ಎಂಬ ಅಂಕಣಗಳು ಸಾಲಾಗಿ ಕಾಣುತ್ತವೆ. ಕೃಷಿ, ಕೂಲಿ, ಮೂರ್ತೆ, ಅಂಗಡಿ, ನೇಯ್ಗೆ, ಮೀನುಗಾರಿಕೆ: ತಂದೆ ಏನು ಮಾಡುತ್ತಾನೆಂಬುದನ್ನು ಶಾಲೆ ಮೊದಲ ದಿನವೇ ಬರೆದಿಟ್ಟುಕೊಂಡಿತು. ಮಗು ಏನಾಗಬಯಸುತ್ತದೆ ಎಂಬುದಕ್ಕೆ ಅಂಕಣವಿರಲಿಲ್ಲ. ಆ ಕಾಲಕ್ಕೆ ಅದು ಅಚ್ಚರಿಯ ಮಾತೂ ಅಲ್ಲ. ತಂದೆಯ ಅಂಕಣವನ್ನು ಓದಿದರೆ ಮಗನ ಬಾಳನ್ನೂ ಓದಿದಂತೆ ಎಂದು ಊರು ನಂಬಿದ್ದ ಕಾಲವದು.

ನಮ್ಮ ಶಾಲೆ ಆರಂಭವಾದಾಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಐದನೆಯ ತರಗತಿ ಮುಗಿಸಿದ ಮಗುವಿನ ಮುಂದೆ ಆಗ ಎರಡು ಕವಲುಗಳಿದ್ದವು. ಒಂದು ಹೈಸ್ಕೂಲಿನ ಫಸ್ಟ್ ಫಾರಂ. ಅಲ್ಲಿ ಇಂಗ್ಲಿಷು, ತಿಂಗಳು ತಿಂಗಳು ಫೀಸು, ಮಳೆಗಾಲದಲ್ಲಿ ಹೊಳೆ ದಾಟುವ ಕಷ್ಟ ಇಲ್ಲವೇ ಪೇಟೆಯಲ್ಲಿ ಬಂಧುಗಳ ಮನೆಯ ವಾಸ. ಇನ್ನೊಂದು ಊರಿನಲ್ಲಿಯೇ ಇದ್ದ ಹೈಯರ್ ಎಲಿಮೆಂಟರಿ ಶಾಲೆ. ಎಂಟನೆಯ ತರಗತಿಯ ಕೊನೆಗೆ ಇ.ಎಸ್.ಎಲ್.ಸಿ. ಎಂಬ ಸಾರ್ವಜನಿಕ ಪರೀಕ್ಷೆ. ಮೊದಲನೆಯದು ಗುಮಾಸ್ತಗಿರಿ, ವಕೀಲಿಕೆ, ಮಂಗಳೂರಿನ ಕಾಲೇಜುಗಳ ಕಡೆಗೆ ಸಾಗುತ್ತಿತ್ತು. ಎರಡನೆಯದು ಬಹುಮಂದಿಯ ಪಾಲಿಗೆ ಅಲ್ಲಿಯೇ ನಿಲ್ಲುತ್ತಿತ್ತು. ಅಂದರೆ ಹತ್ತು ಹನ್ನೊಂದು ವರ್ಷದ ಮಗುವಿನ ಜೀವನದ ಗುರಿ ಒಂದು ಬೇಸಿಗೆ ರಜೆಯೊಳಗೆ ತೀರ್ಮಾನವಾಗಿಬಿಡುತ್ತಿತ್ತು. ತೀರ್ಮಾನಿಸುವವರು ಮನೆಯ ಯಜಮಾನರು, ಆಧಾರ ಅಡಿಕೆಯ ಧಾರಣೆ. ಮಗುವನ್ನು ಕೇಳುವ ಪದ್ಧತಿ ಎಲ್ಲಿತ್ತು!

ಆದರೂ ಎರಡನೆಯ ಕವಲಿನಲ್ಲಿ ಒಂದು ಬಾಗಿಲು ಮಾತ್ರ ತೆರೆದೇ ಇತ್ತು. ಇ.ಎಸ್.ಎಲ್.ಸಿ. ಪಾಸಾದವನು ಎರಡು ವರ್ಷ ಶಿಕ್ಷಕ ತರಬೇತಿ ಪಡೆದರೆ ಪ್ರಾಥಮಿಕ ಶಾಲೆಯ ಅಧ್ಯಾಪಕನಾಗಬಹುದಿತ್ತು. ನಮ್ಮ ಸೀಮೆಯ ಬಡ ಹಾಗೂ ಮಧ್ಯಮ ವರ್ಗದ ಮಕ್ಕಳಿಗೆ 'ಮಾಷ್ಟ್ರಾಗುವುದು' ಎಂಬುದು ಮೂರು ತಲೆಮಾರುಗಳ ಕಾಲ ದೊಡ್ಡ ಗುರಿಯಾಗಿ ಉಳಿದದ್ದರ ಗುಟ್ಟು ಇಲ್ಲಿದೆ. ಕೆಲವರು ಇದನ್ನು ಕಲ್ಪನೆಯ ಬಡತನವೆಂದು ಹೀಗಳೆಯುವುದುಂಟು. ನಾವು ಹಾಗೆ ಭಾವಿಸುವುದಿಲ್ಲ. ಮಗು ತನ್ನ ಕಣ್ಣೆದುರು ಕಂಡದ್ದನ್ನಷ್ಟೇ ಬಯಸಬಲ್ಲದು. ಹೊಲ, ತೋಟ, ಗಡಂಗುಗಳ ಆಚೆಗೆ ಅದು ದಿನವೂ ಕಾಣುತ್ತಿದ್ದ ಒಂದೇ ಒಂದು ಉದ್ಯೋಗ ಅಧ್ಯಾಪನ. ಬಿಳಿಯ ಪಂಚೆಯುಟ್ಟು, ಕೊಡೆ ಹಿಡಿದು, ಗದ್ದೆಯ ಹುಣಿಯಲ್ಲಿ ನಡೆದು ಬರುತ್ತಿದ್ದ ಮಾಷ್ಟ್ರು ತಾವೇ ಒಂದು ಮಾರ್ಗದರ್ಶನವಾಗಿದ್ದರು. 1915ರಲ್ಲಿ ಕೃಷಿಕರ ಮನೆಯಲ್ಲಿ ಹುಟ್ಟಿ ಪೆರಡಾಲದ ನವಜೀವನ ಶಾಲೆಯಲ್ಲಿ ಅಧ್ಯಾಪಕರಾದ ಕಯ್ಯಾರ ಕಿಞ್ಞಣ್ಣ ರೈಗಳು ಕವಿಯೂ ಆದರು, ಸ್ವಾತಂತ್ರ್ಯ ಹೋರಾಟಗಾರರೂ ಆದರು, ಪತ್ರಕರ್ತರೂ ಆದರು. ನೇಗಿಲನ್ನು ಮಾತ್ರ ಬಿಡಲಿಲ್ಲ. ಅವರ ಆತ್ಮಕಥನದ ಹೆಸರೇ 'ದುಡಿತವೇ ನನ್ನ ದೇವರು'. ಅವರ ತರಗತಿಯಲ್ಲಿ ಕುಳಿತ ಹುಡುಗನಿಗೆ ಒಂದು ಬಾಳಿನಲ್ಲಿ ನಾಲ್ಕಾರು ಗುರಿಗಳು ಒಟ್ಟಿಗೆ ಇರಬಹುದು ಎಂಬುದು ಉಪನ್ಯಾಸವಿಲ್ಲದೆಯೇ ತಿಳಿದಿರಬೇಕು.

ಎಲ್ಲ ಮಕ್ಕಳಿಗೂ ಆ ಬಾಗಿಲು ಒಂದೇ ಅಗಲವಾಗಿ ತೆರೆದಿರಲಿಲ್ಲವೆಂಬುದನ್ನು ಮರೆಮಾಚುವಂತಿಲ್ಲ. ಶಾಲೆಯ ಜಗಲಿಯನ್ನೇ ಏರಲಾರದಿದ್ದ ಮಕ್ಕಳಿದ್ದರು. ಇದೇ ಜಿಲ್ಲೆಯ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಕಟ್ಟಿ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ಸರಕಾರಿ ಹುದ್ದೆಗೇರಿ ಊರ ಬೀದಿಯಲ್ಲಿ ಕಾರಿನಲ್ಲಿ ಸಾಗಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಬಯಕೆಯಾಗಿತ್ತೆಂಬ ಸಂಗತಿ ಜಿಲ್ಲೆಗೆಲ್ಲ ತಿಳಿದದ್ದೇ. ಮಗು ತನಗಾಗಿ ಇನ್ನೂ ಬಯಸಲು ಧೈರ್ಯ ಮಾಡದ್ದನ್ನು ಗುರುವು ಅದರ ಪರವಾಗಿ ಬಯಸಿದ ಇಂಥ ನಿದರ್ಶನ ನಮ್ಮ ಶಿಕ್ಷಣ ಚರಿತ್ರೆಯಲ್ಲಿ ಇನ್ನೊಂದು ಸಿಗುವುದು ಕಷ್ಟ.

ಇದಕ್ಕೆ ತೀರ ವಿರುದ್ಧವಾದ ಒಂದು ಪ್ರಯೋಗ 1953ರಲ್ಲಿ ನಡೆಯಿತು. ಮದ್ರಾಸಿನ ಮುಖ್ಯಮಂತ್ರಿಗಳಾಗಿದ್ದ ರಾಜಾಜಿಯವರು ಗ್ರಾಮಾಂತರ ಪ್ರಾಥಮಿಕ ಶಾಲೆಗಳ ಪಾಠದ ಅವಧಿಯನ್ನು ದಿನಕ್ಕೆ ಮೂರು ಗಂಟೆಗಿಳಿಸಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬನ್ನು ಕಲಿಯಲಿ ಎಂಬ ಯೋಜನೆಯನ್ನು ತಂದರು. ಇದ್ದ ಕಟ್ಟಡ, ಇದ್ದ ಅಧ್ಯಾಪಕರಲ್ಲಿಯೇ ಎರಡು ಪಾಳಿ ನಡೆಸಿ ಹೆಚ್ಚು ಮಕ್ಕಳಿಗೆ ಪಾಠ ಹೇಳಬಹುದೆಂಬ ಲೆಕ್ಕಾಚಾರವೂ ಅದರ ಹಿಂದೆ ಇತ್ತು. ಕೈಕೆಲಸಕ್ಕೆ ಗೌರವ ಬರಬೇಕೆಂಬ ಉದ್ದೇಶದಲ್ಲಿ ತಪ್ಪಿರಲಿಲ್ಲ. ಗಾಂಧೀಜಿಯವರ ಮೂಲ ಶಿಕ್ಷಣವೂ ಚರಕ, ಮಗ್ಗ, ತೋಟಗಳ ಮೂಲಕವೇ ಪಾಠ ಹೇಳಿತ್ತು. ಆದರೆ ಮೂಲ ಶಿಕ್ಷಣದಲ್ಲಿ ಎಲ್ಲ ಮಕ್ಕಳೂ ಒಂದೇ ಚರಕವನ್ನು ತಿರುಗಿಸುತ್ತಿದ್ದರು. ಈ ಯೋಜನೆಯಲ್ಲಿ ಕುಂಬಾರನ ಮಗ ತಿಗರಿಯ ಕಡೆಗೆ, ಮೂರ್ತೆದಾರನ ಮಗ ತಾಳೆಮರದ ಕಡೆಗೆ, ಜೋಯಿಸರ ಮಗ ಪಂಚಾಂಗದ ಕಡೆಗೆ ಮರಳಬೇಕಾಯಿತು. ದಾಖಲಾತಿ ಪುಸ್ತಕದ ತಂದೆಯ ಅಂಕಣವೇ ಮಗನ ವೇಳಾಪಟ್ಟಿಯಾಯಿತು. 'ಕುಲಕಸುಬಿನ ಶಿಕ್ಷಣ'ವೆಂದು ವಿರೋಧ ಭುಗಿಲೆದ್ದು, 1954ರಲ್ಲಿ ಕಾಮರಾಜರು ಮುಖ್ಯಮಂತ್ರಿಗಳಾದೊಡನೆ ಯೋಜನೆ ರದ್ದಾಯಿತು. ಅದರ ಬಾಳು ಒಂದು ಶಾಲಾ ವರ್ಷ ಮಾತ್ರ. ಆದರೂ ಮಕ್ಕಳ ಗುರಿಯ ಕುರಿತು ಇಲ್ಲಿ ಅದನ್ನು ನೆನೆಯಲೇಬೇಕು. ಮಗುವಿನ ಒಲವನ್ನು ಗುರುತಿಸುವುದಕ್ಕೂ ಮಗುವನ್ನು ಅದರ ಹುಟ್ಟಿಗೆ ಕಟ್ಟಿಹಾಕುವುದಕ್ಕೂ ಇರುವ ಅಂತರವನ್ನು ಈ ನಾಡು ಆಗ ಬೀದಿಯಲ್ಲಿ ನಿಂತು ಚರ್ಚಿಸಿತು.

ಅಷ್ಟರಲ್ಲಿ ಇನ್ನೂ ದೊಡ್ಡ ಪಲ್ಲಟ ಬಂದಿತು. ಫಜಲ್ ಅಲಿ ಅಧ್ಯಕ್ಷತೆಯ ಆಯೋಗದ ಶಿಫಾರಸಿನಂತೆ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನವರೆಗೆ ತಾಲೂಕು ಕಚೇರಿಯಲ್ಲಿ, ಮುನ್ಸೀಫ್ ಕೋರ್ಟಿನಲ್ಲಿ, ಉಪನೋಂದಣಿ ಕಚೇರಿಯಲ್ಲಿ ಕನ್ನಡವೇ ನಡೆಯುತ್ತಿತ್ತು. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ, ಮರಾಟಿ ಏನನ್ನೇ ಆಡಿದರೂ ಮಗು ಶಾಲೆಯಲ್ಲಿ ಕಲಿತ ಕನ್ನಡ ಕಚೇರಿಯವರೆಗೂ ಅದರ ಕೈಹಿಡಿದು ನಡೆಸುತ್ತಿತ್ತು. ಇನ್ನು ಮುಂದೆ ಆ ಕೈ ಶಾಲೆಯ ಗೇಟಿನಲ್ಲಿಯೇ ಬಿಟ್ಟುಹೋಗುವಂತಾಯಿತು. ಶಾಲೆಯ ರಚನೆಯೂ ಬದಲಾಯಿತು: ಎಂಟನೆಯ ತರಗತಿ ಹೈಸ್ಕೂಲಿಗೆ ಹೋಗಿ, ನಮ್ಮಂಥ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೆ ನಿಂತವು. ಇ.ಎಸ್.ಎಲ್.ಸಿ.ಯ ಜಾಗದಲ್ಲಿ ಎಸ್.ಎಸ್.ಎಲ್.ಸಿ.ಯೇ ಹೊಸಿಲಾಯಿತು.

ಆ ಮುಂದಿನ ಹತ್ತು ಹದಿನೈದು ವರ್ಷಗಳನ್ನು ನಾವು ಕಾಯುವಿಕೆಯ ವರ್ಷಗಳೆಂದು ಕರೆಯುತ್ತೇವೆ. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು 1967ರಲ್ಲಿ ವರದಿ ಸಲ್ಲಿಸಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು. ಕೇರಳ ಅದನ್ನು ಒಪ್ಪಲಿಲ್ಲ, ವರದಿ ಜಾರಿಯಾಗಲಿಲ್ಲ. ವಿಲೀನೀಕರಣದ ಹೋರಾಟ ನ್ಯಾಯವಾದದ್ದೇ. ಆದರೆ ಆ ಹೋರಾಟದ ನೆರಳಿನಲ್ಲಿ ಆರನೆಯ, ಏಳನೆಯ ತರಗತಿಯ ಬೆಂಚಿನ ಮೇಲೆ ಕುಳಿತಿದ್ದ ಮಕ್ಕಳ ಸ್ಥಿತಿಯನ್ನು ನಮ್ಮ ಇತಿಹಾಸಕಾರರು ಹೆಚ್ಚು ಗಮನಿಸಿಲ್ಲ. 'ನಾಳೆ ಕರ್ನಾಟಕಕ್ಕೆ ಸೇರುತ್ತೇವೆ, ಮಲಯಾಳ ಕಲಿತು ಏನಾಗಬೇಕು' ಎಂಬ ಮಾತು ಮನೆಮನೆಯಲ್ಲಿ ಇತ್ತು. ಆಡಿದವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ನಂಬಿಕೆಯಿತ್ತು. ಆದರೆ ಮಗುವಿನ ವಯಸ್ಸು ವರದಿಗಾಗಿ ಕಾಯುವುದಿಲ್ಲ. ಹನ್ನೆರಡು ವರ್ಷದವನು ಇಪ್ಪತ್ತೆರಡಾದಾಗ ಕೇರಳದ ಲೋಕಸೇವಾ ಆಯೋಗದ ಅರ್ಜಿ ಅವನ ಕೈಯಲ್ಲಿತ್ತು, ಆಯೋಗದ ರಾಜ್ಯದ ಭಾಷೆ ಮಾತ್ರ ಅವನ ಬಾಯಲ್ಲಿರಲಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಶಾಸನವು ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿತು; ಕನ್ನಡ ಬಲ್ಲವರಿಗೆಂದೇ ಕೆಲವು ಹುದ್ದೆಗಳೂ ಬಂದವು. ಅವುಗಳನ್ನು ಎಷ್ಟು ಮಕ್ಕಳಿಗೆ ಎಷ್ಟು ಬೇಗ ತಿಳಿಸಿ ಹೇಳಲಾಯಿತು ಎಂಬುದು ಬೇರೆ ಮಾತು.

ಕಚೇರಿಯ ದಾರಿ ಕಿರಿದಾದಾಗ ಮಕ್ಕಳ ಕಣ್ಣು ರೈಲಿನ ಕಡೆಗೆ ತಿರುಗಿತು. ಮಂಗಳೂರಿನ ಬ್ಯಾಂಕುಗಳು ಕೆಲವರಿಗೆ ಅನ್ನ ಕೊಟ್ಟವು. ಇನ್ನು ಹಲವರು ಮುಂಬಯಿಯ ಉಡುಪಿ ಹೋಟೆಲುಗಳಿಗೆ ಹೋಗಿ, ಹಗಲು ಲೋಟ ತೊಳೆದು, ಅಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದು ಮುಂದುವರಿಸಿದರು. ಎಪ್ಪತ್ತರ ದಶಕದ ಬಳಿಕ ಕೊಲ್ಲಿ ರಾಷ್ಟ್ರಗಳು ಸೇರಿಕೊಂಡವು. ಇದೇ ಹೊತ್ತಿಗೆ, 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಚಾಲಗೇಣಿಯ ಒಕ್ಕಲುಗಳಿಗೆ ಭೂಮಿಯ ಒಡೆತನ ದೊರೆತುದು ತರಗತಿಯಲ್ಲಿಯೂ ಕಾಣಿಸಿತೆಂದು ನಮ್ಮ ಅಭಿಪ್ರಾಯ: ಧನಿಗಳ ಮನೆಯ ಬಿಟ್ಟಿ ಕೆಲಸಕ್ಕೆಂದು ಏಳರ ಮೊದಲೇ ಶಾಲೆ ಬಿಡುತ್ತಿದ್ದ ಹುಡುಗರು ಹೈಸ್ಕೂಲಿನ ಬಾಗಿಲಿಗೆ ಬಂದರು.

ಹುಡುಗಿಯರ ಕತೆ ಪ್ರತ್ಯೇಕ. ಅವರ ಗುರಿ ಬಹುಕಾಲ ಬೀಡಿಯ ಸೂಪಿನಲ್ಲಿಯೇ ಸುತ್ತಿಕೊಂಡಿತ್ತು. ಶಾಲೆಯಿಂದ ಬಂದೊಡನೆ ತಾಯಿಯ ಪಕ್ಕದಲ್ಲಿ ಕುಳಿತು ಎಲೆ ಕತ್ತರಿಸುವುದು, ನೂಲು ಸುತ್ತುವುದು. ಏಳನೆಯ ತರಗತಿ ಮುಗಿಯುವ ಹೊತ್ತಿಗೆ ಕೈ ಪಳಗಿರುತ್ತಿತ್ತು, ಕೈ ಪಳಗಿದವಳನ್ನು ಹೈಸ್ಕೂಲಿಗೆ ಕಳುಹಿಸಲು ಮನೆಯವರಿಗೆ ಮನಸ್ಸಾಗುತ್ತಿರಲಿಲ್ಲ. ಅವಳ ಪರವಾಗಿ ಮನೆಯವರೊಡನೆ ವಾದಿಸಲು ಹೋಗುತ್ತಿದ್ದವರು ಹೆಚ್ಚಾಗಿ ಅಧ್ಯಾಪಿಕೆಯರು. ಯಾವ ವರದಿಯಲ್ಲಿಯೂ ದಾಖಲಾಗದ ಆ ಸಂಜೆಯ ನಡಿಗೆಗಳನ್ನೇ ನಾವು ಈ ಸೀಮೆಯ ನಿಜವಾದ ವೃತ್ತಿ ಮಾರ್ಗದರ್ಶನವೆಂದು ತಿಳಿಯುತ್ತೇವೆ.

ವರದಿಗಳಿಗೇನೂ ಕೊರತೆಯಿರಲಿಲ್ಲ. 1952-53ರ ಮುದಲಿಯಾರ್ ಆಯೋಗ ಮಾಧ್ಯಮಿಕ ಶಾಲೆಗಳಲ್ಲಿ ಮಾರ್ಗದರ್ಶನ ಬೇಕೆಂದಿತು. 1964-66ರ ಕೊಠಾರಿ ಆಯೋಗ ಅದು ಪ್ರಾಥಮಿಕ ಹಂತದಿಂದಲೇ ಆರಂಭವಾಗಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟರವರೆಗಿನ ಮಕ್ಕಳಿಗೆ ಹತ್ತು ದಿನಗಳ 'ಚೀಲವಿಲ್ಲದ' ಅವಧಿಯನ್ನು ಸೂಚಿಸಿ, ಬಡಗಿ, ತೋಟಗಾರ, ಕುಂಬಾರರಂಥ ಸ್ಥಳೀಯ ಕುಶಲಕರ್ಮಿಗಳ ಬಳಿಯಲ್ಲಿ ಅವರು ಕಲಿಯಬೇಕೆಂದಿತು. 1953ರ ಕಸುಬುಗಳೇ ಹೊಸ ಅಂಗಿ ತೊಟ್ಟು ಬಂದಿವೆಯೇ ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ವ್ಯತ್ಯಾಸ ಎಲ್ಲಿದೆಯೆಂದರೆ, ಇಲ್ಲಿ ಜೋಯಿಸರ ಮೊಮ್ಮಗಳೂ ತಿಗರಿಯನ್ನು ಮುಟ್ಟಬೇಕು, ಕುಂಬಾರರ ಮೊಮ್ಮಗ ಪ್ರಯೋಗಾಲಯವನ್ನು ನೋಡಬೇಕು. ಎರಡನೆಯದು ನಡೆಯದೆ ಮೊದಲನೆಯದಷ್ಟೇ ನಡೆದರೆ ಹಿರಿಯರ ಸಂಶಯವೇ ಸರಿ.

ಪ್ರಯೋಗಾಲಯವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಕಾಸರಗೋಡಿನಲ್ಲಿ ಆರಂಭವಾದ ಕೇಂದ್ರವು 1970ರಲ್ಲಿ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆಯಾಯಿತು. ತೆಂಗು ಕಂಗುಗಳ ನಡುವೆಯೇ ಬೆಳೆದ ನಮ್ಮ ಮಕ್ಕಳಿಗೆ ಅಲ್ಲಿ ಕಾಯಿ ಕೊಯ್ಯುವ ಕೆಲಸವಷ್ಟೇ ಅಲ್ಲ, ಮರದ ರೋಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸವೂ ಇದೆಯೆಂದು ತೋರಿಸಬೇಕಾದರೆ ಒಂದು ದಿನದ ಬಸ್ಸು ಸಾಕು. ಏಳನೆಯ ತರಗತಿಯ ಯು.ಎಸ್.ಎಸ್. ವಿದ್ಯಾರ್ಥಿವೇತನ, ಎಂಟರಲ್ಲಿ ಬಡ ಪ್ರತಿಭಾವಂತರಿಗೆ ದೊರೆಯುವ ಎನ್.ಎಂ.ಎಂ.ಎಸ್., ಇವುಗಳ ಅರ್ಜಿಯ ಸಮಯವನ್ನು ರಕ್ಷಕರಿಗೆ ಕನ್ನಡದಲ್ಲಿ ತಿಳಿಸುವುದೂ ಗುರಿಗೆ ನೆರವಾಗುವ ಕೆಲಸವೇ. ಶಿಕ್ಷಕನಾಗಬೇಕೆಂಬ ಹಳೆಯ ಬಯಕೆಯ ಮಗುವಿಗೆ ಮಾಯಿಪ್ಪಾಡಿಯ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ ಹತ್ತಿರದಲ್ಲಿಯೇ ಇದೆ.

ಮಲಯಾಳದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಶಾಸನ ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದಾಗ ಮಕ್ಕಳೂ ರಕ್ಷಕರೂ ಪ್ರತಿಭಟಿಸಿದರು. ಹೇರಿಕೆಯನ್ನು ಒಪ್ಪದಿರುವುದು ಸರಿಯೇ. ಆದರೆ ಹೇರಿದ ಭಾಷೆ ಬೇರೆ, ಮಗು ತನ್ನ ಗುರಿಗಾಗಿ ತಾನೇ ಕೈಗೆತ್ತಿಕೊಂಡ ಭಾಷೆ ಬೇರೆ. ಗಣಿತವನ್ನೂ ವಿಜ್ಞಾನವನ್ನೂ ಕನ್ನಡದಲ್ಲಿ ಚೆನ್ನಾಗಿ ತಿಳಿದುಕೊಂಡು, ನೆರೆಯ ಭಾಷೆಯನ್ನು ಬಳಕೆಗೆ ಕಲಿತ ಹುಡುಗಿಯು ಚಂದ್ರಗಿರಿಯ ಎರಡೂ ದಡಗಳಲ್ಲಿ ಕೆಲಸ ಮಾಡಬಲ್ಲಳು. ಅಂಥವರು ನಮ್ಮ ಹಳೆ ವಿದ್ಯಾರ್ಥಿಗಳಲ್ಲಿಯೇ ಇದ್ದಾರೆ.

'ನಾನು ದೊಡ್ಡವನಾದ ಮೇಲೆ' ಎಂಬ ಪ್ರಬಂಧವನ್ನು ಬರೆಯಿಸಿದರೆ ಇಂದಿಗೂ ಅರ್ಧ ತರಗತಿ ವೈದ್ಯರಾಗುತ್ತದೆ, ಉಳಿದರ್ಧ ಸೈನಿಕರಾಗುತ್ತದೆ. ಪ್ರಬಂಧ ಪುಸ್ತಕಗಳ ಕೃಪೆ. ಆದುದರಿಂದ ಶತಮಾನೋತ್ಸವದ ವರ್ಷದಿಂದ ನಮ್ಮ ಶಾಲೆಯಲ್ಲಿ ಒಂದು ಸಣ್ಣ ಪುಸ್ತಕವನ್ನು ಇಡಲಾಗಿದೆ. ಆರನೆಯ ತರಗತಿಗೆ ಬಂದ ಜೂನ್ ತಿಂಗಳಲ್ಲಿ ಪ್ರತಿ ಮಗುವೂ ತಾನು ಹತ್ತಿರದಿಂದ ನೋಡಿದ ಯಾವುದಾದರೊಂದು ಕೆಲಸದ ಬಗ್ಗೆ ಅದರಲ್ಲಿ ನಾಲ್ಕು ಸಾಲು ಬರೆಯುತ್ತದೆ, ಆ ಕೆಲಸ ಮಾಡುವವರನ್ನು ಕೇಳಬೇಕಾದ ಪ್ರಶ್ನೆಗಳನ್ನು ಕೆಳಗೆ ಬರೆಯುತ್ತದೆ. ಏಳನೆಯ ತರಗತಿಯ ಮಾರ್ಚಿಯಲ್ಲಿ ಅದೇ ಪುಟದ ಹಿಂಬದಿಯಲ್ಲಿ ಮತ್ತೆ ಬರೆಯುತ್ತದೆ. ಮೊದಲು ಬರೆದುದಕ್ಕಿಂತ ಬೇರೆಯದನ್ನು ಬರೆಯಬಹುದು, ಅದೇ ಬೇಕಾದರೆ ಅದನ್ನೇ ಬರೆಯಬಹುದು. ಅಧ್ಯಾಪಕರು ಕಾಗುಣಿತವನ್ನಷ್ಟೇ ತಿದ್ದುತ್ತಾರೆ. ಆ ಪುಟದಲ್ಲಿ ರಕ್ಷಕರ ಉದ್ಯೋಗಕ್ಕೆ ಅಂಕಣವಿಲ್ಲ.