ಕೈಯಲ್ಲಿ ಸುತ್ತಿದ ಬೆಳಕು

ನಮ್ಮ ತಾಲ್ಲೂಕು ಊರುಗಳ ಪೇಟೆಬೀದಿಯಲ್ಲಿ ಮೋಟಾರು ವೈಂಡಿಂಗ್ ಮಾಡುವ ಅಂಗಡಿಯನ್ನು ವಾಚಕರು ನೋಡಿಯೇ ಇರಬೇಕು. ಸುಟ್ಟುಹೋದ ಪಂಪ್‌ಸೆಟ್ಟಿನ ಒಡಲಿನಿಂದ ಕರಕಲಾದ ತಂತಿಯನ್ನು ಕಿತ್ತುಹಾಕಿ, ಅಲ್ಲಿಯ ಹುಡುಗನು ಹೊಸ ತಾಮ್ರದ ತಂತಿಯನ್ನು ಸುತ್ತುತ್ತ ಕುಳಿತಿರುತ್ತಾನೆ. ಮಾತನಾಡಿಸಿದರೆ ಉತ್ತರ ಬರುವುದಿಲ್ಲ. ಸುತ್ತಿನ ಎಣಿಕೆ ತಪ್ಪೀತೆಂಬ ಭಯ. ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವ ಮುದುಕಿಗೂ ಇವನಿಗೂ ಹೆಚ್ಚು ಅಂತರವಿಲ್ಲ. ವಿದ್ಯುತ್ತೆಂದರೆ ದೊಡ್ಡ ಅಣೆಕಟ್ಟು, ದೊಡ್ಡ ಇಲಾಖೆ ಎಂದು ಭಾವಿಸಿರುವ ನಮಗೆ, ಅದು ಹುಟ್ಟಿದ್ದು ಕೈಕಸುಬಾಗಿ ಎಂಬುದು ಮರೆತೇಹೋಗಿದೆ. ಆ ಕಸುಬು ಗಾಳಿಯೊಡನೆ ಕೂಡಿಕೊಂಡ ಕಥೆ ಕೇಳತಕ್ಕದ್ದಾಗಿದೆ.

1831ನೆಯ ಇಸವಿ ಆಗಸ್ಟ್ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆಯು ಆರು ಅಂಗುಲ ಅಗಲದ ಒಂದು ಕಬ್ಬಿಣದ ಬಳೆಗೆ ಎರಡು ಕಡೆ ತಾಮ್ರದ ತಂತಿ ಸುತ್ತಿ ಪ್ರಯೋಗ ಮಾಡಿದನು. ಇಂದಿನಂತೆ ಅರಗು ಬಳಿದ ತಂತಿ ಅಂದು ಸಿಕ್ಕುತ್ತಿರಲಿಲ್ಲ. ಸುತ್ತಿಗೆ ಸುತ್ತು ತಾಗದಂತೆ ನಡುವೆ ದಾರವನ್ನೂ ಪದರ ಪದರಕ್ಕೆ ಬಟ್ಟೆಯನ್ನೂ ಇಟ್ಟು ಸುತ್ತಬೇಕಾಯಿತು. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕ ಕಟ್ಟುವವನ ಬಳಿ ಕೆಲಸ ಕಲಿತ ಕೈಗಳವು! ಒಂದು ಕಡೆಯ ತಂತಿಗೆ ಬ್ಯಾಟರಿಯನ್ನು ಜೋಡಿಸಿದಾಗ ಮತ್ತು ಕಳಚಿದಾಗ ಇನ್ನೊಂದು ಕಡೆಯ ಮುಳ್ಳು ಅಲುಗಿತು. ಅದೇ ವರ್ಷದ ಅಕ್ಟೋಬರ್ 17ರಂದು ಸುರುಳಿಯೊಳಕ್ಕೆ ಅಯಸ್ಕಾಂತವನ್ನು ತೂರಿಸಿದಾಗಲೂ ಮುಳ್ಳು ಅಲುಗಿತು. ಇಂದಿಗೂ ಎಲ್ಲ ಡೈನಮೊಗಳ ಗುಟ್ಟು ಇಷ್ಟೇ: ಸುರುಳಿಯ ಮುಂದೆ ಅಯಸ್ಕಾಂತವು ಸರಿದಾಡಬೇಕು. ಅದನ್ನು ಸರಿದಾಡಿಸುವವರು ಯಾರು ಎಂಬುದೊಂದೇ ಉಳಿದ ಪ್ರಶ್ನೆ.

ಗಾಳಿಯೇ ಸರಿದಾಡಿಸಲಿ ಎಂದವನು ಗ್ಲಾಸ್ಗೋದ ಪ್ರಾಧ್ಯಾಪಕ ಜೇಮ್ಸ್ ಬ್ಲೈತ್. 1887ರ ಜುಲೈ ತಿಂಗಳಲ್ಲಿ ಆತನು ಸ್ಕಾಟ್ಲೆಂಡಿನ ಮೇರಿಕರ್ಕ್ ಎಂಬ ಹಳ್ಳಿಯ ತನ್ನ ಮನೆಯಂಗಳದಲ್ಲಿ ಬಟ್ಟೆಯ ಹಾಯಿಗಳ ಗಾಳಿಯಂತ್ರವನ್ನು ನಿಲ್ಲಿಸಿ, ಬಂದ ವಿದ್ಯುತ್ತನ್ನು ಬ್ಯಾಟರಿಗಳಲ್ಲಿ ತುಂಬಿ ಮನೆಗೆ ದೀಪ ಹಚ್ಚಿದನು. ಮಿಕ್ಕ ವಿದ್ಯುತ್ತಿನಿಂದ ಹಳ್ಳಿಯ ಬೀದಿಗೂ ದೀಪ ಹಾಕಿಕೊಡುತ್ತೇನೆಂದನು. ಹಳ್ಳಿಗರು ಒಪ್ಪಲಿಲ್ಲ, ಇದು ಸೈತಾನನ ಕೆಲಸವೆಂದು ಬೇಡವೆಂದುಬಿಟ್ಟರು. ನಾವು ನಗಬಹುದು. ಆದರೆ ಅವರಿಗೆ ಕೊಡಬಂದದ್ದು ಒಳಗೇನಿದೆಯೆಂದು ತಾವು ಕಾಣದಿದ್ದ, ಕೆಟ್ಟರೆ ತಾವು ತಿದ್ದಲಾರದಿದ್ದ ಬೆಳಕು.

ಈ ಕೊರತೆಯನ್ನು ತುಂಬಲು ಹೊರಟವನು ಡೆನ್ಮಾರ್ಕಿನ ಒಬ್ಬ ಮೇಷ್ಟರು. ಅಸ್ಕೋವ್ ಎಂಬ ಊರಿನ ಜನತಾ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ಪೌಲ್ ಲಾ ಕೂರ್ 1891ರಲ್ಲಿ ಸರ್ಕಾರದ ನೆರವಿನಿಂದ ಗಾಳಿಯಂತ್ರ ಕಟ್ಟಿದನು. ಯಂತ್ರ ಕಟ್ಟಿ ಸುಮ್ಮನಾಗಲಿಲ್ಲ. 1904ರಿಂದ ಹಳ್ಳಿಯ ತರುಣರಿಗೆ ವಿದ್ಯುತ್ ಕೆಲಸದ ಶಿಕ್ಷಣ ಕೊಡತೊಡಗಿದನು. ಬೆಳಕು ಹಳ್ಳಿಗೆ ಹೋಗಬೇಕಾದರೆ ಬೆಳಕಿನ ಕಸುಬೂ ಜೊತೆಯಲ್ಲಿ ಹೋಗಬೇಕೆಂದು ಅವನು ಕಂಡುಕೊಂಡಿದ್ದನು.

ಅಷ್ಟರಲ್ಲಿ ಕಾಲ ಬೇರೆ ದಾರಿ ಹಿಡಿಯಿತು. ವಿದ್ಯುತ್ತನ್ನು ಒಂದೆಡೆ ಹುಟ್ಟಿಸಿ ದೂರಕ್ಕೆ ಸಾಗಿಸುವುದು ಸಾಧ್ಯವಾಯಿತು. ನಮ್ಮ ಶಿವನಸಮುದ್ರದಿಂದ 1902ರಲ್ಲಿ ಹೊರಟ ತಂತಿ ನೇರವಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ. ಹಣವಿದ್ದಲ್ಲಿಗೆ ತಂತಿ ಮೊದಲು ಹೋಗುವುದು ಎಲ್ಲ ದೇಶದ ರೂಢಿ. ಅಮೆರಿಕದಲ್ಲಿ ತಂತಿ ಬಾರದ ಹೊಲಮನೆಗಳು ಸಣ್ಣ ಗಾಳಿಯಂತ್ರಗಳನ್ನು ನೆಚ್ಚಿಕೊಂಡಿದ್ದವು. 1936ರ ಗ್ರಾಮೀಣ ವಿದ್ಯುದೀಕರಣ ಕಾಯಿದೆಯ ಬಳಿಕ ತಂತಿ ಅಲ್ಲಿಗೂ ಬಂದಂತೆ ಅವು ಮೂಲೆಗುಂಪಾದವು.

ಆದರೂ ತಂತಿ ಹೋಗದ ಮೂಲೆಗಳು ಉಳಿದವು. ಸ್ಕಾಟ್ಲೆಂಡಿನ ವಾಯವ್ಯಕ್ಕೆ ಸ್ಕೋರೇಗ್ ಎಂಬ ಭೂಶಿರವಿದೆ. ಅಲ್ಲಿಗೆ ಮೋಟಾರು ದಾರಿಯಿಲ್ಲ; ದೋಣಿಯಲ್ಲಿ ಹೋಗಬೇಕು, ಇಲ್ಲವೆ ಮೈಲಿಗಟ್ಟಲೆ ಕಾಲುದಾರಿಯಲ್ಲಿ ನಡೆಯಬೇಕು. 1970ರ ದಶಕದಲ್ಲಿ ಅಲ್ಲಿ ನೆಲೆಸಿದ ಹ್ಯೂ ಪಿಗಟ್ ಎಂಬವರು ಹಳೆಯ ಸಾಮಾನುಗಳಿಂದಲೇ ಗಾಳಿಯಂತ್ರ ಮಾಡತೊಡಗಿದರು. ವಾಹನದ ಬ್ರೇಕ್ ಡ್ರಮ್ಮು ಡೈನಮೊ ಆಯಿತು. 1980ರ ದಶಕದಲ್ಲಿ ನಿಯೊಡಿಮಿಯಮ್ ಎಂಬ ಧಾತು ಬೆರೆತ ಬಲವಾದ ಅಯಸ್ಕಾಂತಗಳು ಹುಟ್ಟಿದ ಮೇಲೆ ಈ ಕೆಲಸ ಇನ್ನೂ ಸುಲಭವಾಯಿತು. ತಾವು ಕಲಿತದ್ದನ್ನು ಅವರು ಅಡಿಗೆಯ ಪುಸ್ತಕದಂತೆ ಅಳತೆ ಸಹಿತ ಬರೆದು ಲೋಕಕ್ಕೆ ಕೊಟ್ಟರು.

ಅವರು ಹೇಳಿಕೊಟ್ಟ ರೀತಿ ಇದು. ಎರಡು ಉಕ್ಕಿನ ತಟ್ಟೆಗಳು. ಒಂದೊಂದರ ಮೇಲೆ ಹನ್ನೆರಡು ಅಯಸ್ಕಾಂತಗಳು. ಅವೆರಡೂ ಗಾಳಿಯ ರೆಕ್ಕೆಯೊಡನೆ ತಿರುಗುತ್ತವೆ. ನಡುವೆ ಒಂಬತ್ತು ಸುರುಳಿಗಳು ರಾಳದ ಬಿಲ್ಲೆಯಲ್ಲಿ ಹುದುಗಿ ಅಲುಗದೆ ನಿಂತಿರುತ್ತವೆ. ಸುರುಳಿಗಳನ್ನು ಹಲಗೆಯ ಚೂರುಗಳಿಂದ ಮಾಡಿದ ಕೈರಾಟೆಯಲ್ಲಿ ಸುತ್ತುವುದು. ಸುತ್ತು ಹೆಚ್ಚಿದಷ್ಟೂ ವೋಲ್ಟೇಜು ಹೆಚ್ಚು. ಹನ್ನೆರಡು ವೋಲ್ಟಿನ ಬದಲು ಇಪ್ಪತ್ತನಾಲ್ಕು ಬೇಕಾದರೆ ಅರ್ಧದಷ್ಟು ಕೊಯ್ತದ ತಂತಿಯನ್ನು ಎರಡರಷ್ಟು ಸುತ್ತಬೇಕು. ತಾಮ್ರದ ತೂಕ ಅಷ್ಟೇ. ಸಡಿಲವಾಗಿ ಸುತ್ತಿದರೆ ಸುರುಳಿ ಉಬ್ಬಿ ಅಚ್ಚಿನಲ್ಲಿ ಕೂರುವುದಿಲ್ಲ.

ಜೋಡಿಸುವಾಗ ಇನ್ನೂ ಎಚ್ಚರ ಬೇಕು. ಮೊದಲನೆಯದರ ಕೊನೆಯನ್ನು ನಾಲ್ಕನೆಯದರ ಮೊದಲಿಗೆ, ನಾಲ್ಕನೆಯದರ ಕೊನೆಯನ್ನು ಏಳನೆಯದರ ಮೊದಲಿಗೆ ಬೆಸುಗೆ ಹಾಕಬೇಕು. ಹೀಗೆ ಮೂರು ಮೂರರ ಮೂರು ಗುಂಪು. ಬೆಸೆಯುವ ಮುನ್ನ ತಂತಿಯ ತುದಿಯ ಅರಗನ್ನು ಕೆರೆಯುವುದನ್ನು ಮರೆಯಬಾರದು. ಮೂರರಲ್ಲಿ ಒಂದು ತಲೆಕೆಳಗಾದರೆ ಅದು ಇನ್ನೊಂದರ ದುಡಿಮೆಯನ್ನು ಅಳಿಸಿಹಾಕುತ್ತದೆ. ಆ ಗುಂಪಿನಲ್ಲಿ ಉಳಿಯುವುದು ಮೂರನೆಯ ಒಂದು ಪಾಲು. ರಾಳ ಹುಯ್ದ ಮೇಲೆ ತಿದ್ದುವ ಹಾಗಿಲ್ಲ!

ಇಂಥ ಯಂತ್ರವು ಪಟ್ಟಣಿಗರಾದ ನಮ್ಮ ಮನೆಯ ತಂತಿಗೆ ಬದಲಾಗುತ್ತದೆಂದು ನಾನು ಹೇಳಲಾರೆ. ನಮ್ಮ ಮಹಡಿಗಳ ಮೇಲೆ ಅಷ್ಟು ಗಾಳಿಯಿಲ್ಲ. ಯಂತ್ರವನ್ನು ನೋಡಿಕೊಳ್ಳುವ ವ್ಯವಧಾನವೂ ಇಲ್ಲ. ಆದರೆ ಮೇರಿಕರ್ಕಿನ ಜನ ಬೇಡವೆಂದ ಬೆಳಕನ್ನು, ನೂರು ವರ್ಷ ಕಳೆಯುವುದರೊಳಗೆ, ಅದೇ ನಾಡಿನ ಮತ್ತೊಂದು ಮೂಲೆಯ ಜನ ತಾವೇ ಮಾಡಿಕೊಂಡರು. ನಡುವೆ ಬದಲಾದದ್ದು ಗಾಳಿಯಲ್ಲ, ತಾಮ್ರವೂ ಅಲ್ಲ. ಯಂತ್ರದ ಒಳಗನ್ನು ಬಲ್ಲವರು ಪ್ರಾಧ್ಯಾಪಕನ ಅಂಗಳವನ್ನು ದಾಟಿ ಹಳ್ಳಿಯಲ್ಲೇ ಹುಟ್ಟಿಕೊಂಡರು. ಅಂಥವನೊಬ್ಬ ನಮ್ಮ ಪೇಟೆಬೀದಿಯಲ್ಲೂ ಕುಳಿತು ಸುತ್ತು ಎಣಿಸುತ್ತಿದ್ದಾನೆ. ಕಾಲೇಜಿನಲ್ಲಿ ಪಾಠ ಹೇಳುವ ನಾವು ಅವನ ಬಳಿ ಕಲಿಯಬೇಕಾದದ್ದು ಬಹಳವಿದೆ.