ಸುಣ್ಣದ ಪದರಗಳಲ್ಲಿ ಒಂದು ಮನೆಯ ಚರಿತ್ರೆ

ಸಂಘದ ವಾರ್ಷಿಕೋತ್ಸವದ ಸಂಚಿಕೆಗೆ ಹಾಸನೂರಿನ ಚರಿತ್ರೆಯನ್ನು ಕುರಿತು ಏನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ ನಮಗೆ ಸಂಕೋಚವುಂಟಾಯಿತು. ರಾಜರ ವಂಶಾವಳಿಯನ್ನೂ ಯುದ್ಧಗಳ ತಾರೀಖುಗಳನ್ನೂ ಬಲ್ಲವರು ಬೇರೆ ಇದ್ದಾರೆ. ನಾವು ಓರಗಿತ್ತಿಯರಿಬ್ಬರು, ಒಂದು ಹಳೆಯ ಹಂಚಿನ ಮನೆಯಲ್ಲಿ ಒಲೆ ಹಚ್ಚಿಕೊಂಡಿರುವವರು. ಆದರೆ ಈಚೆಗೆ ಆ ಮನೆಯನ್ನು ನಮ್ಮ ಕೈಯಿಂದಲೇ ದುರಸ್ತುಮಾಡಿ ಅಲಂಕರಿಸಲು ಹೊರಟಾಗ ಗೋಡೆಯೊಳಗಿನಿಂದ ಒಂದು ಚರಿತ್ರೆ ಹೊರಬಿದ್ದಿತು. ಅದರಲ್ಲಿ ಒಂದು ಭಾಗವನ್ನು ನಾವೇ ಅಜ್ಞಾನದಿಂದ ಕೆರೆದು ಮಂಕರಿಗೆ ತುಂಬಿ ತಿಪ್ಪೆಗೆ ಸುರಿದೆವು. ಉಳಿದುದನ್ನಾದರೂ ಬರೆದಿಡುವುದು ಕರ್ತವ್ಯವೆಂದು ತೋರಿ ಈ ಬರಹಕ್ಕೆ ಕೈಹಾಕಿದ್ದೇವೆ.

ಸತ್ಯಮಂಗಲದಿಂದ ಚಾಮರಾಜನಗರಕ್ಕೆ ಹೋಗುವ ಹೆದ್ದಾರಿ ಬಣ್ಣಾರಿಯನ್ನು ದಾಟಿ, 27 ತಿರುವುಗಳ ದಿಂಬಂ ಘಾಟಿಯನ್ನು ಹತ್ತಿ, ಮೇಲಣ ಕಾಡಿನ ನೆಲಕ್ಕೆ ಬಂದಮೇಲೆ ಸಿಕ್ಕುವ ಊರು ನಮ್ಮದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಕೊಯಮತ್ತೂರಿನ ಸೀಮೆಯೆಲ್ಲ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಕೂಡಿಕೊಂಡಿತು; ತಾಳವಾಡಿಯ ಸೀಮೆ ಮದ್ರಾಸಿನಲ್ಲಿಯೇ ಉಳಿಯಿತು. 1969ರಲ್ಲಿ ಮದ್ರಾಸು ರಾಜ್ಯ ತಮಿಳುನಾಡಾಯಿತು. 1979ರಲ್ಲಿ ಕೊಯಮತ್ತೂರಿನಿಂದ ಒಡೆದ ಜಿಲ್ಲೆಗೆ ಮೊದಲು ಪೆರಿಯಾರ್ ಎಂದೂ ಆಮೇಲೆ ಈರೋಡು ಎಂದೂ ಹೆಸರಾಯಿತು. ಕಾಗದದ ಮೇಲೆ ಮನೆಯ ವಿಳಾಸ ಇಷ್ಟುಬಾರಿ ಬದಲಾದರೂ ನಮ್ಮ ಜಗಲಿಯ ಕಂಬಗಳು ನಿಂತಲ್ಲಿಯೇ ನಿಂತಿದ್ದುವು.

ಈ ಮನೆಗೆ ಮಣ್ಣಿನ ಗೋಡೆ, ಮಂಗಳೂರು ಹಂಚಿನ ಸೂರು. ಜಗಲಿ, ಪಡಸಾಲೆ, ನಡುಮನೆ, ಅಡಿಗೆಮನೆ, ಹಿಂದೆ ಕೊಟ್ಟಿಗೆ. ನಮ್ಮ ಮೈದುನ ತಿರುಪ್ಪೂರಿನಲ್ಲಿ ಉದ್ಯೋಗದಲ್ಲಿರುವವರು. ಅವರ ಅಭಿಪ್ರಾಯ ಇದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸಬೇಕೆಂಬುದು. ಅವರ ಮಾತಿನಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಗೋಡೆಯ ಬುಡ ತೇವ ಹಿಡಿದಿದ್ದಿತು, ಹಂಚು ಸೋರುತ್ತಿದ್ದಿತು, ಪಡಸಾಲೆಯ ಬಣ್ಣ ಹಪ್ಪಳದಂತೆ ಎದ್ದಿದ್ದಿತು. ಅತ್ತೆಯವರು ಮಾತ್ರ ಒಪ್ಪಲಿಲ್ಲ. ಕಡೆಗೆ ಒಂದು ಒಪ್ಪಂದವಾಯಿತು: ಬರುವ ಯುಗಾದಿಯೊಳಗೆ ಮನೆ ವಾಸಕ್ಕೆ ಯೋಗ್ಯವಾದರೆ ಉಳಿಸುವುದು, ಇಲ್ಲವಾದರೆ ಹಬ್ಬ ಕಳೆದ ಮರುವಾರವೇ ಹಂಚು ಇಳಿಸುವುದು. ಕೂಲಿಯವರನ್ನು ಇಡುವಷ್ಟು ಹಣ ನಮ್ಮಲ್ಲಿ ಇರಲಿಲ್ಲ. ಆದುದರಿಂದ ನಾವಿಬ್ಬರೂ ಸೆರಗು ಕಟ್ಟಿದೆವು.

ಬಣ್ಣ ಹಪ್ಪಳದಂತೆ ಎದ್ದುದಕ್ಕೆ ಕಾರಣ ನಾವೇ ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು. ಎರಡು ವರ್ಷದ ಹಿಂದೆ ಹಬ್ಬಕ್ಕೆಂದು ಪೇಟೆಯಿಂದ ಡಬ್ಬಿಯ ಪ್ಲಾಸ್ಟಿಕ್ ಬಣ್ಣ ತಂದು, ಉರುಳೆಯಿಂದ ಎರಡು ದಿನದಲ್ಲಿ ಪಡಸಾಲೆಯನ್ನು ಮುಗಿಸಿ, ನೆರೆಯವರನ್ನೆಲ್ಲ ಕರೆದು ತೋರಿಸಿದ್ದೆವು. ಈ ಉರುಳೆ ಕೂಡ ಹವ್ಯಾಸಿಗಳ ಕೈಗೆ ಬಂದ ವರವೇ ಸರಿ. ಕೆನಡಾದ ಟೊರಾಂಟೊ ನಗರದ ನಾರ್ಮನ್ ಬ್ರೇಕಿ ಎಂಬಾತ 1940ರಲ್ಲಿ ಅದನ್ನು ರೂಪಿಸಿದನೆಂದು ಹೇಳುತ್ತಾರೆ. ಎರಡನೆಯ ಮಹಾಯುದ್ಧ ಮುಗಿದಮೇಲೆ ಇಂಗ್ಲೆಂಡು ಅಮೆರಿಕಗಳಲ್ಲಿ ಮನೆಯೊಡೆಯರೇ ಏಣಿ ಹತ್ತಿ ಬಣ್ಣ ಬಳಿದುಕೊಳ್ಳುವ ರೂಢಿ ಹಬ್ಬಿದುದು ಇಂಥ ಉಪಕರಣಗಳಿಂದಲೂ ನೀರಿನಲ್ಲಿ ಕಲಸುವ ಬಣ್ಣಗಳಿಂದಲೂ. ನಮ್ಮ ದೇಶದಲ್ಲಿ ಡಬ್ಬಿಯ ಬಣ್ಣ ಮನೆಮಾತಾದುದು ಗಟ್ಟು ಎಂಬ ತುಂಟ ಹುಡುಗನ ಚಿತ್ರದಿಂದ; 1954ರಲ್ಲಿ ಅದನ್ನು ಬರೆದವರು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರೇ. ಡಬ್ಬಿಯಲ್ಲಿ ದೋಷವಿರಲಿಲ್ಲ. ಇಟ್ಟಿಗೆ ಸಿಮೆಂಟಿನ ಗೋಡೆಗೆಂದು ಮಾಡಿದುದನ್ನು ನಾವು ಮಣ್ಣಿನ ಗೋಡೆಗೆ ಬಳಿದೆವು. ಮಣ್ಣಿನ ಗೋಡೆ ನೆಲದಿಂದ ತೇವವನ್ನು ಹೀರಿ, ಮೈಯಿಂದ ಆರಿಸಿಕೊಳ್ಳುತ್ತದೆ. ಮೇಲೆ ಪ್ಲಾಸ್ಟಿಕ್ಕಿನ ಪೊರೆ ಕಟ್ಟಿದರೆ ಆ ತೇವ ಹೋಗುವುದೆಲ್ಲಿಗೆ? ಕಾರ್ತಿಕದ ಸೋನೆ ಹಿಡಿದ ಹದಿನೈದೇ ದಿನದಲ್ಲಿ ಗೋಡೆ ಬೊಕ್ಕೆಯೆದ್ದಿತು. “ಗ್ವಾಡಗೂ ಉಸ್ರಾಡಕ ಬುಡ್ಬೇಕು ಕನವ್ವ” ಎಂದು ಅತ್ತೆಯವರು ಅಂದುದು ಇಷ್ಟೇ. ಅದಕ್ಕಿಂತ ಹೆಚ್ಚು ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ಹೀಗಾಗಿ ಮೊದಲ ಕೆಲಸ ಕೆರೆಯುವುದಾಯಿತು. ಪಡಸಾಲೆಯನ್ನು ಮುಗಿಸಿ, ಅದೇ ಭರದಲ್ಲಿ ನಡುಮನೆಗೆ ನುಗ್ಗಿದೆವು. ಒಂದು ಕೈಯಲ್ಲಿ ಕರಣೆ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ. ಮೇಲೆ ತಿಳಿಹಳದಿ ಡಿಸ್ಟೆಂಪರು. ಅದರ ಕೆಳಗೆ ಹಸುರು. ಅದರ ಕೆಳಗೆ ನೀಲಿ ಬೆರೆಸಿದ ಸುಣ್ಣ. ಆಮೇಲೆ ಬರಿಯ ಬಿಳಿಯ ಸುಣ್ಣ, ಹಬ್ಬಕ್ಕೊಂದರಂತೆ ಹಾಳೆ ಹಾಳೆಯಾಗಿ. ಆ ಬಿಳಿಯ ಪದರಗಳ ನಡುವೆ ಒಂದು ಕಡೆ ಇದ್ದಿಲಿನಿಂದ ಗೀಚಿದ ಲೆಕ್ಕ ಕಾಣಿಸಿತು. ಕನ್ನಡ ಅಂಕಿಗಳು: ರಾಗಿ ಇಷ್ಟು ಕೊಳಗ, ಉಪ್ಪು ಇಷ್ಟು ಸೇರು, ಕೊಡಬೇಕಾದುದು ಇಷ್ಟು ರೂಪಾಯಿ ಇಷ್ಟಾಣೆ. ಯಾರು ಯಾರಿಗೆ ಕೊಡಬೇಕಾಗಿತ್ತೋ, ಕೊಟ್ಟರೋ ಇಲ್ಲವೋ ತಿಳಿಯದು. ಆದರೆ ಆಣೆಯ ಲೆಕ್ಕವಾದುದರಿಂದ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ದೇಶದಲ್ಲಿ ನಯೇಪೈಸೆ ಜಾರಿಗೆ ಬಂದುದು 1957ರ ಏಪ್ರಿಲ್ 1ರಂದು. ಸೇರು ಹೋಗಿ ಕಿಲೋಗ್ರಾಮು ಬಂದುದೂ ಅದರ ಹಿಂದುಮುಂದಿನ ವರ್ಷಗಳಲ್ಲಿ. ಹಳ್ಳಿಯ ಬಾಯಿಂದ ಆಣೆ ಬಹುಕಾಲ ಹೋಗಲಿಲ್ಲವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಈ ಪದರ ಮದ್ರಾಸು ಮೈಸೂರುಗಳ ಗಡಿ ಗೆರೆ ಎಳೆಯುವುದಕ್ಕೆ ಸ್ವಲ್ಪ ಮುಂಚಿನದೋ ಸ್ವಲ್ಪ ಹಿಂಚಿನದೋ ಆಗಿರಬೇಕು. ಶಾಸನತಜ್ಞರು ಕಲ್ಲಿನ ಅಕ್ಷರವನ್ನು ನೋಡಿ ಕಾಲ ನಿರ್ಣಯಿಸುವಂತೆ ನಾವೂ ನಿರ್ಣಯಿಸಿದೆವೆಂದು ಆ ಸಂಜೆ ನಮಗೆ ತಕ್ಕಮಟ್ಟಿಗೆ ಹೆಮ್ಮೆಯೂ ಆಯಿತು.

ಹೆಮ್ಮೆ ಮರುದಿನವೇ ಇಳಿಯಿತು. ಆ ಲೆಕ್ಕಕ್ಕೂ ಕೆಳಗಿನ ಪದರದಲ್ಲಿ, ಕೆಮ್ಮಣ್ಣಿನ ನೆಲೆಯ ಮೇಲೆ, ಬಿಳಿಯ ಚುಕ್ಕೆಗಳ ಸಾಲು. ಚುಕ್ಕೆಗಳ ಪಕ್ಕದಲ್ಲಿ ಎಳೆ, ಎಳೆಯ ಕೊನೆಗೆ ಒಂದು ಬಾಳೆಯ ಕಂಬದಂಥ ಆಕಾರ. ಅತ್ತೆಯವರು ಕನ್ನಡಕ ಹಾಕಿಕೊಂಡು ನೋಡಿ, “ಇದು ಹಸೆ” ಎಂದರು. ಅವರ ಅತ್ತೆಯವರ ಮದುವೆಗೆ ಬರೆದುದಂತೆ. ಅವರು ಸೊಸೆಯಾಗಿ ಬರುವ ಹೊತ್ತಿಗೆ ಸುಣ್ಣದ ಹಿಂದೆ ಮರೆಯಾಗಿದ್ದಿತಂತೆ. ಅಷ್ಟರಲ್ಲಿ ಗೋಡೆಯ ಮೂರರಲ್ಲಿ ಎರಡು ಪಾಲನ್ನು ನಾವು ಮಣ್ಣು ಕಾಣುವವರೆಗೆ ಕೆರೆದಾಗಿದ್ದಿತು. ಬಿಳಿಯ ಚೂರುಗಳನ್ನು ಸುರಿದ ತಿಪ್ಪೆಯ ಮೇಲೆ ಹಿಂದಿನ ದಿನವೇ ಸಗಣಿ ಬಿದ್ದಿದ್ದಿತು. ಹೋಗಿ ನೋಡಿ ಸುಮ್ಮನೆ ಬಂದೆವು.

ಹಸೆ ಬರೆಯುವ ಕೈಗಳು ಕನ್ನಡನಾಡಿನಲ್ಲಿ ಬಹು ಕಡೆ ಉಂಟು. ಮಲೆನಾಡಿನ ಸಾಗರದ ಸೀಮೆಯಲ್ಲಿ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ಈಗ ಪ್ರಸಿದ್ಧವಾಗಿದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಬರೆಯಲು ಪುಂಡಿನಾರಿನ ಕುಂಚ. ಇವರಾರೂ ಚಿತ್ರಶಾಲೆಗೆ ಹೋದವರಲ್ಲ. ಅರಮನೆಗಳ ಗೋಡೆಗಾದರೋ ಶಾಸ್ತ್ರವೇ ಇದ್ದಿತು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕ್ಕಾಗಿ ಗೋಡೆಯನ್ನು ಹದಗೊಳಿಸುವ ಕ್ರಮವಿದೆ: ಎಮ್ಮೆಯ ಚರ್ಮವನ್ನು ಬೆಣ್ಣೆಯಂತೆ ಮೆದುವಾಗುವವರೆಗೆ ಕುದಿಸಿ ಮಾಡಿದ ವಜ್ರಲೇಪವೆಂಬ ಅಂಟಿಗೆ ಬಿಳಿಯ ಮಣ್ಣು ಬೆರೆಸಿ, ಒಣಗಿದ ಗೋಡೆಗೆ ಮೂರು ಸಲ ಬಳಿಯಬೇಕಂತೆ. ಅರಸನು ಬರೆದುದು ಗ್ರಂಥವಾಗಿ ಉಳಿಯಿತು. ನಮ್ಮ ಅಜ್ಜತ್ತೆಯವರು ಯಾವ ಮಣ್ಣಿಗೆ ಯಾವ ಅಂಟು ಬೆರೆಸಿದರೋ ಕೇಳೋಣವೆಂದರೆ ಬಲ್ಲವರಿಲ್ಲ.

ಇನ್ನು ಸುಣ್ಣದ ವಿಷಯ. ಸುಣ್ಣವೆಂಬ ಮಾತು ಸಂಸ್ಕೃತದ ಚೂರ್ಣದಿಂದ ಬಂದುದು. ಘಾಟಿಯ ಕೆಳಗೆ ಅದೇ ಸುಣ್ಣಾಂಬು. ಉಪ್ಪು ಬಸಿಯುವುದೂ ಸುಣ್ಣ ಸುಡುವುದೂ ಉಪ್ಪಾರರ ಹಿಂದಿನ ಕಸುಬುಗಳು. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲವಾಯು ಹೊರಟುಹೋಗಿ ಅರಳು ಉಳಿಯುತ್ತದೆ. ಅರಳಿಗೆ ನೀರು ಹಾಕಿದರೆ ಕೊತಕೊತ ಕುದಿದು ಹಿಟ್ಟಾಗುತ್ತದೆ. ಆ ತಿಳಿಯನ್ನು ಗೋಡೆಗೆ ಬಳಿದಮೇಲೆ ಅದು ಗಾಳಿಯಿಂದ ಹೋದ ವಾಯುವನ್ನೇ ಮತ್ತೆ ಎಳೆದುಕೊಂಡು ದಿನಗಳಲ್ಲಿ ಪುನಃ ಕಲ್ಲಾಗುತ್ತದೆ. ಕಲ್ಲಾದರೂ ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಮಣ್ಣಿನ ತೇವಕ್ಕೆ ದಾರಿಯುಂಟು. ಅತ್ತೆಯವರ ಉಸಿರಿನ ಮಾತಿಗೆ ರಸಾಯನಶಾಸ್ತ್ರದ ಅರ್ಥ ಇಷ್ಟೇ.

ಅರಳನ್ನು ಚಾಮರಾಜನಗರದಿಂದ ಬಸ್ಸಿನಲ್ಲಿ ತಂದೆವು. ಕೆಳಗಿನಿಂದ ಸಾಮಾನು ತರಿಸುವುದು ಈಗ ಸುಲಭವಲ್ಲ. ವನ್ಯಮೃಗಗಳ ರಕ್ಷಣೆಗಾಗಿ ದಿಂಬಂ ಘಾಟಿಯಲ್ಲಿ 2022ರ ಫೆಬ್ರವರಿಯಿಂದ ರಾತ್ರಿಯ ವಾಹನಸಂಚಾರಕ್ಕೆ ಕಟ್ಟುಪಾಡು ಬಂದಿದೆ. 2013ರಲ್ಲಿ ಸತ್ಯಮಂಗಲದ ಕಾಡು ಹುಲಿ ರಕ್ಷಿತಾರಣ್ಯವಾಯಿತಾಗಿ, ಹಿಂದಿನವರಂತೆ ಬೇಕೆಂದಾಗ ಕಾಡಿಗೆ ಹೋಗಿ ಗಳು ಕಡಿದು ತರುವಂತೆಯೂ ಇಲ್ಲ. ಇದನ್ನು ದೂರೆಂದು ತಿಳಿಯಬಾರದು. ಮನೆಯ ಚರಿತ್ರೆಯಲ್ಲಿ ಇದೂ ಸೇರುತ್ತದೆ.

ಹರವಿಯಲ್ಲಿ ಅರಳನ್ನು ನೆನೆಹಾಕಿ, ಹತ್ತು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಅನ್ನದ ಗಂಜಿಯನ್ನೂ ಒಂದು ಹಿಡಿ ಉಪ್ಪನ್ನೂ ಬೆರೆಸಿದೆವು. ಹೊರಗೋಡೆಗೆ ಬೆಲ್ಲದ ನೀರನ್ನೂ ಬೆರೆಸಬೇಕೆಂದು ಅತ್ತೆಯವರ ಕಟ್ಟಳೆ; ಸುಣ್ಣ ಕೈಗೆ ಹತ್ತುವುದಿಲ್ಲ, ಗಟ್ಟಿಯಾಗಿ ನಿಲ್ಲುತ್ತದೆ. ಇದನ್ನು ಕೇಳಿದ ನೆರೆಯವರು, ಉಪ್ಪು ಬೆಲ್ಲ ಎರಡನ್ನೂ ಬಳಿದ ಗೋಡೆಯನ್ನು ನೆಕ್ಕಲು ಆನೆ ಬಾರದೆ ಇರುವುದಿಲ್ಲವೆಂದು ಹಾಸ್ಯಮಾಡಿದರು. ನಗುತ್ತಲೇ ಹೇಳಿದರಾದರೂ ನಾಲ್ಕು ರಾತ್ರಿ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆನೆ ಬಂದಿತು, ಹಿತ್ತಲಿನ ಬಾಳೆಯನ್ನು ತಿಂದಿತು, ಗೋಡೆಯನ್ನು ಮುಟ್ಟಲಿಲ್ಲ.

ಕತ್ತಾಳೆ ನಾರಿನ ಕುಂಚದಿಂದ ತೆಳ್ಳಗೆ ಮೂರು ಸಲ ಬಳಿಯಬೇಕು. ಒಮ್ಮೆ ಅಡ್ಡಕ್ಕೆ, ಒಮ್ಮೆ ಉದ್ದಕ್ಕೆ. ಹಸಿಯಾಗಿದ್ದಾಗ ಬಳಿದಂತೆಯೇ ಕಾಣುವುದಿಲ್ಲ, ಒಣಗಿದಮೇಲೆ ಬೆಳ್ಳಗಾಗುತ್ತದೆ. ಇದನ್ನು ತಿಳಿಯದೆ ನಾವು ಮೊದಲ ದಿನ ದಪ್ಪಗೆ ಬಳಿದು, ಮರುದಿನ ಉದುರಿಸಿಕೊಂಡೆವು. ಕಣ್ಣಿಗೆ ಸಿಡಿಯದಂತೆ ಮಾತ್ರ ಎಚ್ಚರಿಕೆ ಬೇಕು. ಮಕ್ಕಳನ್ನು ಹತ್ತಿರ ಬಿಡಲೇಬಾರದು.

ಪಡಸಾಲೆಯಲ್ಲಿ ಹಿಂದೆಯೇ ಹಾಕಿಸಿದ ರೆಡ್ ಆಕ್ಸೈಡಿನ ಕೆಂಪು ನೆಲ ಚೆನ್ನಾಗಿಯೇ ಇದ್ದಿತು. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದುದಷ್ಟೇ. ಕೊಟ್ಟಿಗೆಗೂ ಅಡಿಗೆಮನೆಗೂ ಸಗಣಿಯ ಸಾರಣೆ. ನುಣ್ಣನೆಯ ಇದ್ದಿಲ ಪುಡಿಯನ್ನು ಸಗಣಿಗೆ ಕಲಸಿ ಸಾರಿಸಿದರೆ ನೆಲ ಕಪ್ಪು ಕಲ್ಲಿನಂತೆ ತೋರುವುದು. ಸಗಣಿಯಲ್ಲಿರುವ ಹುಲ್ಲಿನ ನಾರು ಮಣ್ಣಿನ ಬಿರುಕನ್ನು ಹಿಡಿದು ನಿಲ್ಲಿಸುವುದು. ತಾಳವಾಡಿಯ ಬಳಿಯ ಗುಮಟಾಪುರದಲ್ಲಿ ದೀಪಾವಳಿಯ ತರುವಾಯ ಸಗಣಿಯನ್ನೇ ರಾಶಿ ಹಾಕಿ ಪೂಜಿಸಿ, ಒಬ್ಬರ ಮೇಲೊಬ್ಬರು ಎರಚಿ ಗೊರೆಹಬ್ಬ ಮಾಡುವ ನಾಡಿನವರಿಗೆ ಇದರ ಮಹಿಮೆಯನ್ನು ಹೆಚ್ಚು ಹೇಳಬೇಕಾಗಿಲ್ಲ. ಸೋಲಿಗರ ಪೋಡುಗಳಲ್ಲಿ ಬಿದಿರ ತಟ್ಟಿಗೆ ಮಣ್ಣು ಮೆತ್ತಿ ಸಾರಿಸಿದ ಗೋಡೆಗಳನ್ನು ನೋಡಿದವರು ನಮ್ಮ ಕೆಲಸವನ್ನು ನೋಡಿ ನಕ್ಕಾರು. ಅಷ್ಟು ನಯ ನಮ್ಮ ಕೈಗೆ ಬರಲಿಲ್ಲ.

ಹಂಚುಗಳನ್ನು ಇಳಿಸಿ ತೊಳೆದು, ಒಡೆದವನ್ನು ಬದಲಿಸಿ ಮತ್ತೆ ಹೊದಿಸುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಂಡರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ತರುವಾಯ ಈ ಹಂಚು ದೇಶದೇಶಗಳಿಗೆ ಹೋಯಿತು. ಸಮುದ್ರದ ದಡದ ಮಣ್ಣು ನಮ್ಮ ಬೆಟ್ಟದ ಮೇಲೆ ಮಳೆ ತಡೆಯುತ್ತಿರುವುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಕೊನೆಗೆ ಗೋಡೆಗೆ ತೂಗುಹಾಕುವ ಸಾಮಾನು. ಅಟ್ಟದ ಪೆಟ್ಟಿಗೆಯಲ್ಲಿ ಮಣಿಯ ತೋರಣವೊಂದು, ಗಾಜು ಒಡೆದ ಚೌಕಟ್ಟಿನಲ್ಲಿ ಬಣ್ಣದ ದಾರದಿಂದ ಕಸೂತಿ ಹಾಕಿದ ‘ಸುಸ್ವಾಗತ’ವೊಂದು ಸಿಕ್ಕಿದುವು. ಎರಡನೆಯದು ಅತ್ತೆಯವರು ಮದುವೆಗೆ ಮುಂಚೆ ಹಾಕಿದ್ದು. ‘ತ’ಕ್ಕೆ ಬರುವ ಹೊತ್ತಿಗೆ ಕೆಂಪು ದಾರ ಮುಗಿದು ಆ ಅಕ್ಷರ ಮಾತ್ರ ಹಸುರಾಗಿದೆ. ಅದನ್ನು ಹೊಸ ಗಾಜು ಹಾಕಿಸಿ ಬಾಗಿಲಿನ ಮೇಲೆ ಏರಿಸಿದೆವು.

ಯುಗಾದಿಯ ಹಿಂದಿನ ದಿನ ಮೈದುನ ಬಂದರು. ಜಗಲಿಯಲ್ಲಿ ನಿಂತು ಗೋಡೆಗೆ ಕೈಯಿಟ್ಟು ನೋಡಿದರು, ಕೊಟ್ಟಿಗೆಯ ಮೂಲೆಯಲ್ಲಿ ಉಳಿದ ತೇವವನ್ನು ಬೆರಳಿಟ್ಟು ತೋರಿಸಿದರು, ಸೂರನ್ನು ನೋಡಿದರು. ಊಟವಾದಮೇಲೆ, ಈ ಮಳೆಗಾಲ ಒಂದು ಕಳೆಯಲಿ, ಆಮೇಲೆ ಮಾತನಾಡೋಣವೆಂದರು. ಅದನ್ನು ಒಪ್ಪಿಗೆಯೆಂದು ನಾವು ತಿಳಿದುಕೊಂಡಿದ್ದೇವೆ. ಅವರು ಹಾಗೆ ತಿಳಿದಿದ್ದಾರೋ ಇಲ್ಲವೋ ಕೇಳಿಲ್ಲ.

ನಡುಮನೆಯಲ್ಲಿ ಹಸೆಯ ಉಳಿದ ಪಾಲನ್ನು ಸುಣ್ಣ ಬಳಿಯದೆ ಬಿಟ್ಟಿದ್ದೇವೆ. ಹೋದ ಪಾಲನ್ನು ನೀವೇ ಬರೆದು ತುಂಬಿರೆಂದು ಅತ್ತೆಯವರನ್ನು ಬೇಡಿಕೊಂಡೆವು. ಅವರು ಕೆಮ್ಮಣ್ಣು ಕಲಸಿಸಿದರು, ಅಕ್ಕಿಯ ಹಿಟ್ಟನ್ನು ನುಣ್ಣಗೆ ಬೀಸಿಸಿದರು, ಕಡ್ಡಿಗೆ ಹತ್ತಿ ಸುತ್ತಿಕೊಂಡು ಗೋಡೆಯ ಮುಂದೆ ಕುಳಿತರು. ಬಹಳ ಹೊತ್ತು ಕುಳಿತಿದ್ದು, ಬಾಳೆಯ ಕಂಬದ ಆಚೆಗೆ ಏನಿದ್ದಿತೋ ತಮಗೂ ಕಾಣದೆಂದು ಹೇಳಿ ಎದ್ದರು. ಕಲಸಿದ ಕೆಮ್ಮಣ್ಣನ್ನು ಹೊಸ್ತಿಲಿಗೆ ಬಳಿದೆವು.